ಕಾವ್ಯ ಪ್ರಶ್ನೋತ್ತರ: ಒಲ್ಲೆನೆಂದವರಿಗೆ ಬರೆದ ಕವಿತೆ

ಪ್ರೇಮಗೀತೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತಿಕೊಂಡಿವೆ. ನಾವು ಒಲಿದವರು ನಮ್ಮನ್ನು ಒಲಿಯದೆ ಹೋದಾಗ ಆ ನಿರಾಶೆ ಭಾವಗೀತೆಯಾಗುವುದು ಹೇಗೆ ಎಂಬುದು ಆ ವಿಷಯ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ.

ಪ್ರಶ್ನೆ: ವಿರಹಗೀತೆ ಎಂದರೂ ವಿಫಲಪ್ರೇಮದ ಗೀತೆ ಎಂದರೂ ಒಂದೇ ಎಂದುಕೊಂಡಿದ್ದೆ. ನಮ್ಮ ಅಲಂಕಾರಶಾಸ್ತ್ರ ವಿರಹವನ್ನು ಬಹುವಾಗಿ ಮನ್ನಿಸಿದರೂ ಒಂದೇ ಕಡೆಯ ಪ್ರೀತಿಯನ್ನು ರಸವೆಂದೇ ಒಪ್ಪುವುದಿಲ್ಲ ಎಂದು ಉಪನ್ಯಾಸವೊಂದರಲ್ಲಿ ಕೇಳಿದೆ. ಇದು ನಿಜವೇ?

ಉತ್ತರ: ನಿಜ. ಎರಡೂ ಒಂದಲ್ಲ, ಮತ್ತು ಈ ವ್ಯತ್ಯಾಸವನ್ನು ಗಮನಿಸದೆ ಓದಿದರೆ ಇಂಥ ಕವಿತೆಗಳ ಅರ್ಧ ಸ್ವಾರಸ್ಯ ಕೈತಪ್ಪಿ ಹೋಗುತ್ತದೆ. ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು, ಅಂದರೆ ಕೂಡಲಾಗದ ಪ್ರೇಮಿಗಳ ಶೃಂಗಾರವನ್ನು, ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಂಗಡಿಸಿದರು. ಕೂಡುವುದಕ್ಕೆ ಮೊದಲಿನ ಹಂಬಲ, ನಡುವೆ ಬಂದ ಮುನಿಸು, ದೂರದೇಶದ ಪಯಣ, ಸಾವಿನ ನೆರಳು ಇವುಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ ಒಲವು ಎರಡೂ ಕಡೆಗೆ ಇದ್ದೇ ಇದೆ, ಕೂಡುವುದಕ್ಕೆ ಬಂದ ಅಡ್ಡಿ ಮಾತ್ರ ಬೇರೆ ಬೇರೆ. 12ನೆಯ ಶತಮಾನದ ಅಕ್ಕಮಹಾದೇವಿ ಚಿಲಿಮಿಲಿ ಎಂದೋದುವ ಗಿಳಿಗಳನ್ನು, ಕೋಗಿಲೆಗಳನ್ನು, ತುಂಬಿಗಳನ್ನು, ಹಂಸೆಗಳನ್ನು, ನವಿಲುಗಳನ್ನು ಒಂದೊಂದಾಗಿ ನಿಲ್ಲಿಸಿ ಕೇಳುವ ವಚನ ನಿಮಗೆ ನೆನಪಿರಬಹುದು. ಅಲ್ಲಿ ಅವಳು ಕೇಳುವುದು ಚೆನ್ನಮಲ್ಲಿಕಾರ್ಜುನ ಎಲ್ಲಿದ್ದಾನೆ ಎಂದು. ಅವನು ತನ್ನನ್ನು ಒಲಿದಿದ್ದಾನೆಯೇ ಎಂದಲ್ಲ. ಆ ಎರಡನೆಯ ಪ್ರಶ್ನೆ ಅವಳ ಮನಸ್ಸಿನಲ್ಲಿ ಹುಟ್ಟುವುದೇ ಇಲ್ಲ. ಅಷ್ಟು ಸಂಕಟದ ನಡುವೆಯೂ ಆ ವಚನ ಕುಗ್ಗದೆ ನಿಂತಿರುವುದು ಆ ಭರವಸೆಯ ಬಲದಿಂದ.

ಒಬ್ಬರಲ್ಲಿ ಮಾತ್ರ ನೆಲೆಸಿದ ರತಿಯನ್ನು 'ಅನುಭಯನಿಷ್ಠ' ಎಂದು ಕರೆದ ಆಲಂಕಾರಿಕ ವಿಶ್ವನಾಥ ತನ್ನ ಸಾಹಿತ್ಯದರ್ಪಣದಲ್ಲಿ ಅದನ್ನು ರಸಾಭಾಸಕ್ಕೆ, ಅಂದರೆ ರಸದಂತೆ ಕಂಡರೂ ರಸವಲ್ಲದ್ದಕ್ಕೆ, ಸೇರಿಸಿದ. ಅವನಿಗಿಂತ ಬಹಳ ಹಿಂದೆಯೇ ಅಭಿನವಗುಪ್ತ ಸೀತೆಯ ಮೇಲೆ ರಾವಣನಿಗಿದ್ದ ಮೋಹವನ್ನು ಇದಕ್ಕೆ ಉದಾಹರಣೆಯಾಗಿ ಎತ್ತಿಕೊಂಡು, ಚಿಪ್ಪಿನಲ್ಲಿ ಬೆಳ್ಳಿ ಕಂಡಂತೆ ಎಂಬ ಹೋಲಿಕೆಯನ್ನು ಕೊಟ್ಟಿದ್ದಾನೆ. ಈ ತೀರ್ಪನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಎದುರಿನವಳ ಮನಸ್ಸು ಏನೆಂದು ಲೆಕ್ಕಕ್ಕೇ ತೆಗೆದುಕೊಳ್ಳದ ರಾವಣನ ಮಾತು ಎಷ್ಟೇ ಬಣ್ಣದ್ದಾಗಿರಲಿ, ಅದನ್ನು ಶೃಂಗಾರವೆಂದು ಕರೆಯಲು ನನಗೂ ಮನಸ್ಸಿಲ್ಲ. ಆದರೆ ಅವಳು ಒಲಿಯಲಾರಳೆಂದು ತಿಳಿದು, ಆ ತಿಳಿವನ್ನು ಒಪ್ಪಿಕೊಂಡು, ಆದರೂ ತನ್ನ ಒಲವು ಆರದಿರುವುದನ್ನು ಕಂಡು ಕಂಗಾಲಾದವನ ಮಾತೂ ಇದೆಯಲ್ಲ? ಶಾಸ್ತ್ರ ಅವನನ್ನೂ ರಾವಣನ ಪಕ್ಕದಲ್ಲೇ ಕೂರಿಸಿತು. ಕಾವ್ಯ ಮಾತ್ರ ಅವನಿಗೆ ಬೇರೆ ಜಾಗ ಹುಡುಕಿತು. ಭರ್ತೃಹರಿಯ ಹೆಸರಿನಲ್ಲಿ ಬಂದಿರುವ 'ಯಾಂ ಚಿಂತಯಾಮಿ ಸತತಂ' ಶ್ಲೋಕವನ್ನೇ ನೋಡಿ. ನಾನು ಸದಾ ನೆನೆಯುವವಳಿಗೆ ನನ್ನಲ್ಲಿ ಒಲವಿಲ್ಲ, ಅವಳು ಬಯಸುವುದು ಮತ್ತೊಬ್ಬನನ್ನು, ಅವನ ಮನಸ್ಸು ಇನ್ನೊಬ್ಬಳಲ್ಲಿ, ಮತ್ತು ನನಗಾಗಿ ಕೊರಗುವವಳು ಬೇರೆ ಯಾರೋ. ಇಷ್ಟು ಹೇಳಿ, ಅವಳಿಗೆ ಧಿಕ್ಕಾರ, ಅವನಿಗೆ ಧಿಕ್ಕಾರ, ಮದನನಿಗೆ, ಈಕೆಗೆ ಎಂದು ಸಾಗಿದ ಸಾಲು 'ಮಾಂ ಚ', ಅಂದರೆ ನನಗೂ, ಎಂದು ನಿಲ್ಲುತ್ತದೆ. ಜರ್ಮನಿಯ ಕವಿ ಹೈನೆ 19ನೆಯ ಶತಮಾನದಲ್ಲಿ ಬರೆದ ಒಂದು ಪುಟ್ಟ ಕವಿತೆಯಲ್ಲಿಯೂ ಬಹುಮಟ್ಟಿಗೆ ಇದೇ ಸರಪಳಿ ಇದೆ. ಇದು ಹಳೆಯ ಕಥೆಯೇ ಆದರೂ ಸದಾ ಹೊಸತು ಎಂದು ಅವನು ಅಲ್ಲಿ ಹೇಳುತ್ತಾನೆ.

ತಮಿಳಿನ ಪ್ರಾಚೀನ ಲಕ್ಷಣಗ್ರಂಥ ತೊಲ್ಕಾಪ್ಪಿಯಂ ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವೆಂದು ನನ್ನ ಅನಿಸಿಕೆ. ಬೆಟ್ಟ, ಕಾಡು, ಬಯಲು, ಕಡಲತೀರ ಎಂದು ಒಲವಿನ ಒಂದೊಂದು ಸ್ಥಿತಿಗೆ ಒಂದೊಂದು ನೆಲವನ್ನು ಹೊಂದಿಸಿಕೊಟ್ಟ ಆ ಪರಂಪರೆ, ಒಂದೇ ಕಡೆಯ ಪ್ರೀತಿಯನ್ನು 'ಕೈಕ್ಕಿಳೈ' ಎಂದು ಹೆಸರಿಸಿ ಏಳು ತಿಣೆಗಳ, ಅಂದರೆ ಒಲವಿನ ಬಗೆಗಳ, ಎಣಿಕೆಯಲ್ಲಿ ಮೊದಲಿಗೇ ಇಟ್ಟಿತು. ಆದರೆ ಅದಕ್ಕೆ ನೆಲ ಕೊಡಲಿಲ್ಲ. ಕಾಲೂರಲು ನೆಲವಿಲ್ಲದ ಪ್ರೀತಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರ ಹೇಳೀತು?

ಪ್ರಶ್ನೆ: ಎರಡು ವರ್ಷಗಳ ಹಿಂದೆ ನಾನು ಪ್ರೀತಿಸಿದವಳು ಒಲ್ಲೆನೆಂದಳು. ಅಲ್ಲಿಂದೀಚೆಗೆ ನಲವತ್ತಕ್ಕೂ ಹೆಚ್ಚು ಕವಿತೆಗಳನ್ನು ಬರೆದಿದ್ದೇನೆ. ಓದಿದ ಗೆಳೆಯರು 'ನಿನ್ನ ನೋವು ತಿಳಿಯುತ್ತದೆ, ಆದರೆ ಕವಿತೆ ತಟ್ಟುವುದಿಲ್ಲ' ಎನ್ನುತ್ತಾರೆ. ಒಂದನ್ನು ಜೊತೆಗಿಟ್ಟಿದ್ದೇನೆ. ತಪ್ಪು ಎಲ್ಲಿದೆಯೆಂದು ಮುಲಾಜಿಲ್ಲದೆ ಹೇಳಿ.

ಉತ್ತರ: ನೀವು ಒಪ್ಪಿಗೆ ಕೊಟ್ಟಿರುವುದರಿಂದ ಕವಿತೆಯನ್ನು ಪೂರ್ತಿಯಾಗಿ ಇಲ್ಲಿ ಕೊಡುತ್ತಿದ್ದೇನೆ.

ನಿನ್ನ ನೆನಪಿನ ಬೆಂಕಿಯಲಿ ಬೆಂದೆ,
ಕಣ್ಣೀರ ಕಡಲನ್ನು ಈಜಿ ಬಂದೆ,
ಕಲ್ಲುಹೃದಯದ ಚೆಲುವೆ ನೀನು,
ಒಡೆದ ಕನ್ನಡಿಯ ಚೂರು ನಾನು.
ನೀನಿತ್ತ ಪುಸ್ತಕವ ಮರಳಿ ತಂದಾಗ
'ಇಟ್ಟುಬಿಡಿ ಅಲ್ಲೇ' ಎಂದೆ ನೀನು,
ಸತ್ತುಹೋಯಿತು ನನ್ನ ಕನಸಿನ ಲೋಕ,
ಬರಿದೆ ಉಳಿಯಿತು ಮುಗಿಲು, ಬಾನು.

ಮೊದಲ ನಾಲ್ಕು ಸಾಲುಗಳಲ್ಲಿ ಬೆಂಕಿ, ಕಡಲು, ಕಲ್ಲು, ಕನ್ನಡಿ ಒಂದರ ಬೆನ್ನಿಗೊಂದು ಬರುತ್ತವೆ. ಬೆಂದವನು ಮರುಸಾಲಿನಲ್ಲೇ ಈಜುತ್ತಾನೆ. ಇವುಗಳಲ್ಲಿ ಯಾವುದನ್ನೂ ನೀವು ಕಂಡಿಲ್ಲ. ಎಲ್ಲವೂ ಕೇಳಿದ ಹಾಡುಗಳಿಂದ ತಾವಾಗಿ ನಡೆದುಬಂದಿವೆ. ಇನ್ನೂ ದೊಡ್ಡ ತೊಂದರೆಯೆಂದರೆ, ಇದು ವಿರಹದ ಶಬ್ದಭಂಡಾರ. ಅಭಿಲಾಷೆಯಿಂದ ಮರಣದವರೆಗೆ ಹತ್ತು ಅವಸ್ಥೆಗಳನ್ನು ಎಣಿಸಿದ ಪರಂಪರೆ ಕೂಡಿದವರ ಅಥವಾ ಕೂಡಲಿರುವವರ ತಾಪಕ್ಕಾಗಿ ಈ ಬೇಗೆಯ ಮಾತುಗಳನ್ನು ಪಳಗಿಸಿತು. ಕನ್ನಡಿಗರು ಅತಿ ಹೆಚ್ಚು ಪ್ರೀತಿಸಿದ ಪ್ರೇಮಗೀತೆಗಳ ಸಂಕಲನವಾದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' (1942) ಕೂಡ ದಾಂಪತ್ಯದ ಒಲವನ್ನು ಹಾಡಿದ್ದೇ ಆಗಿರುವುದರಿಂದ, ನಮ್ಮ ಕಿವಿ ಇಬ್ಬರ ಪ್ರೀತಿಗೆ ಹೊಂದಿಕೊಂಡಷ್ಟು ಒಬ್ಬರ ಪ್ರೀತಿಗೆ ಹೊಂದಿಕೊಂಡಿಲ್ಲ. ನಿಮಗೆ ಆದದ್ದು ಅಗಲಿಕೆಯಲ್ಲ, ಅದರ ಮಾತುಗಳನ್ನು ಸಾಲ ತಂದದ್ದರಿಂದ ಕವಿತೆ ನಿಮ್ಮದಾಗಲಿಲ್ಲ.

ಈಗ ಆರನೆಯ ಸಾಲಿಗೆ ಬನ್ನಿ. 'ಇಟ್ಟುಬಿಡಿ ಅಲ್ಲೇ.' ಇಡೀ ಕವಿತೆಯಲ್ಲಿ ನೀವು ಅವರನ್ನು 'ನೀನು' ಎನ್ನುತ್ತಿದ್ದೀರಿ. ಪುಸ್ತಕ ಕೊಟ್ಟ ದಿನಗಳಲ್ಲಿ ಅವರೂ ನಿಮ್ಮನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದರೆಂದು ಭಾವಿಸುತ್ತೇನೆ. ಹಾಗಿದ್ದರೆ 'ಇಟ್ಟುಬಿಡು' ಎನ್ನಬಹುದಾಗಿದ್ದವರು 'ಇಟ್ಟುಬಿಡಿ' ಎಂದ ಆ ಕ್ಷಣವೇ ನಿಮ್ಮ ಕವಿತೆ. 'ಡು' ಹೋಗಿ 'ಡಿ' ಬಂದಿದೆ, ಅಷ್ಟೇ. ಅದರಲ್ಲಿ ಕಾಠಿಣ್ಯವಿಲ್ಲ, ತಿರಸ್ಕಾರವಿಲ್ಲ, ಮರ್ಯಾದೆ ಇದೆ. ಮರ್ಯಾದೆಯ ವಿರುದ್ಧ ಯಾರ ಬಳಿ ದೂರು ಹೇಳಲು ಸಾಧ್ಯ? ಏಕವಚನದಿಂದ ಬಹುವಚನಕ್ಕೆ ದಾಟುವ ಈ ದಾರಿ ನಮ್ಮ ಭಾಷೆಯಲ್ಲಿ ಸಾಮಾನ್ಯವಾಗಿ ಗೌರವದ ದಾರಿ, ಆದರೆ ಒಮ್ಮೆ ಹತ್ತಿರವಿದ್ದವರ ನಡುವೆ ಅದೇ ದೂರದ ದಾರಿಯಾಗುತ್ತದೆ. ಇನ್ನೊಂದು ಮಾತನ್ನೂ ಗಮನಿಸಿ. 'ನಾನು ಬಂದೆ', 'ನೀನು ಬಂದೆ' ಎನ್ನುವಾಗ ನಮ್ಮ ಮಾತಿನಲ್ಲಿ ಇಬ್ಬರಿಗೂ ಕ್ರಿಯಾಪದದ ಕೊನೆ ಒಂದೇ. 'ನೀವು ಬಂದಿರಿ' ಎಂದ ಕೂಡಲೇ ಆ ಜೊತೆ ಕಳಚಿಕೊಳ್ಳುತ್ತದೆ. ಇಂಥದೊಂದನ್ನು ನೀವು ಕಿವಿಯಾರೆ ಕೇಳಿ, ಸಾಲಿನಲ್ಲಿ ಹಿಡಿದಿಟ್ಟು, ಕೂಡಲೇ 'ಸತ್ತುಹೋಯಿತು ನನ್ನ ಕನಸಿನ ಲೋಕ' ಎಂದು ಅದರ ಮೇಲೆ ಮಣ್ಣು ಎಳೆದಿದ್ದೀರಿ. ಕೊನೆಯ ಸಾಲಿನ 'ಬಾನು' ಪ್ರಾಸಕ್ಕಾಗಿ ಬಂದದ್ದು. 'ಮುಗಿಲು' ಎಂದ ಮೇಲೆ ಅದರ ಅಗತ್ಯವೇ ಇರಲಿಲ್ಲ.

ನಿರಾಶೆಯ ದೊಡ್ಡ ಕವಿಗಳು ಬಹುತೇಕ ಇಂಥ ಸಣ್ಣ ಬದಲಾವಣೆಗಳ ಮುಂದೆಯೇ ನಿಂತಿದ್ದಾರೆ. ಇಟಲಿಯ ಕವಿ ಡಾಂಟೆಯ 'ವೀಟಾ ನುವೋವಾ'ದಲ್ಲಿ ಅವನು ಒಲಿದ ಬಿಯಾಟ್ರಿಸ್ ಅವನಿಗೆ ಮಾಡುವ ಘೋರ ಅಪಕಾರ ಯಾವುದು? ಎದುರಾದಾಗ ನಮಸ್ಕಾರ ಹೇಳದೆ ಹೋದದ್ದು. ಅಷ್ಟರಿಂದಲೇ ಅವನು ಕೋಣೆ ಸೇರಿ ಅಳುತ್ತಾನೆ. ಕೊನೆಗೆ, ಯಾರೂ ಕಿತ್ತುಕೊಳ್ಳಲಾಗದ ಸುಖ ಅವಳನ್ನು ಹೊಗಳುವ ಮಾತಿನಲ್ಲಿಯೇ ಇದೆಯೆಂಬ ನಿಲುವಿಗೆ ಬರುತ್ತಾನೆ. ರೋಮಿನ ಕ್ಯಾಟಲಸ್ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಬರೆದ ಎರಡೇ ಸಾಲಿನ ಲ್ಯಾಟಿನ್ ಕವಿತೆಯೊಂದಿದೆ. 'ದ್ವೇಷಿಸುತ್ತೇನೆ, ಪ್ರೀತಿಸುತ್ತೇನೆ, ಹೀಗೇಕೆ ಮಾಡುತ್ತೀಯೆಂದು ಕೇಳುವೆಯೇನೋ, ತಿಳಿಯದು, ಆದರೆ ಆಗುತ್ತಿರುವುದು ಅರಿವಾಗುತ್ತಿದೆ, ನರಳುತ್ತಿದ್ದೇನೆ' ಎಂಬುದು ಅದರ ತಾತ್ಪರ್ಯ. ಮೂಲದಲ್ಲಿ ಇರುವುದು 14 ಪದಗಳು, ಅವುಗಳಲ್ಲಿ 8 ಕ್ರಿಯಾಪದಗಳು. ಒಂದು ನಾಮಪದವಿಲ್ಲ, ಒಂದು ಗುಣವಾಚಕವಿಲ್ಲ. ಬೆಂಕಿಯೂ ಇಲ್ಲ, ಕಡಲೂ ಇಲ್ಲ. ಎರಡು ಸಾವಿರ ವರ್ಷಗಳಿಂದ ಅದು ಓದಿದವರನ್ನು ಕಾಡುತ್ತಲೇ ಇದೆ. ಬೆಂಕಿ ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. ಗ್ರೀಸಿನ ಸ್ಯಾಫೋಳ ಪ್ರಸಿದ್ಧ ಕವಿತೆಯಲ್ಲಿ ಬೆಂಕಿ ಇದೆ, ಆದರೆ ಅದು ಚರ್ಮದ ಅಡಿಯಲ್ಲಿ ಹರಿಯುವ ಸಣ್ಣ ಬೆಂಕಿ. ಅದರ ಜೊತೆಗೆ ನಾಲಿಗೆ ನಿಲ್ಲುವುದು, ಕಣ್ಣು ಕಾಣದಾಗುವುದು, ಕಿವಿ ಮೊರೆಯುವುದು, ಬೆವರು ಇಳಿಯುವುದು ಎಂದು ತನ್ನ ಮೈಯಲ್ಲಿ ಆದದ್ದನ್ನು ಅವಳು ವೈದ್ಯರಿಗೆ ಹೇಳುವಷ್ಟು ಕ್ರಮವಾಗಿ ಹೇಳುತ್ತಾಳೆ.

ಉರ್ದು ಕವಿ ಗಾಲಿಬನ ಒಂದು ಗಜಲಿನ ಮತ್ಲಾ, ಅಂದರೆ ಮೊದಲ ಶೇರ್ ಅಥವಾ ದ್ವಿಪದಿ, 'ಪ್ರಿಯರ ಸಮಾಗಮ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ, ಇನ್ನಷ್ಟು ಕಾಲ ಬದುಕಿದ್ದರೂ ಇದೇ ಕಾಯುವಿಕೆ ಇರುತ್ತಿತ್ತು' ಎನ್ನುತ್ತದೆ. ಮುಂದಿನ ಶೇರ್‌ನಲ್ಲಿ ಅವನು ಹೇಳುವುದು ಇದು: ನಿನ್ನ ಮಾತನ್ನು ನೆಚ್ಚಿಕೊಂಡು ಬದುಕಿದೆನೆಂದು ತಿಳಿದಿದ್ದರೆ ಅದು ಸುಳ್ಳು, ನಿಜವಾಗಿ ನಂಬಿದ್ದರೆ ಸಂತೋಷದಿಂದ ಸತ್ತೇ ಹೋಗುತ್ತಿರಲಿಲ್ಲವೇ? ಇದರಲ್ಲಿ ಬೈಗುಳ ಒಂದೂ ಇಲ್ಲ. ಮಾತು ಕೊಟ್ಟವರಿಗೆ ಅದನ್ನು ಉಳಿಸಿಕೊಳ್ಳುವ ಉದ್ದೇಶವಿರಲಿಲ್ಲ, ಕೇಳಿದವನಿಗೂ ಅದು ಗೊತ್ತಿತ್ತು. ಹೀಗೆ ತನ್ನ ಅರಿವನ್ನೂ ತನ್ನ ಮೋಹವನ್ನೂ ಒಟ್ಟಿಗೇ ಒಪ್ಪಿಕೊಳ್ಳುವ ಧೈರ್ಯ ನಿಮ್ಮ ಎಂಟು ಸಾಲುಗಳಲ್ಲಿ ಇನ್ನೂ ಬಂದಿಲ್ಲ.

ನನ್ನ ಸಲಹೆ ಇಷ್ಟು. ಐದನೆಯ ಸಾಲಿನಿಂದ ಕವಿತೆಯನ್ನು ಶುರುಮಾಡಿ. 'ನೀನಿತ್ತ ಪುಸ್ತಕವ ಮರಳಿ ತಂದೆ' ಎಂದು ನೇರವಾಗಿ ಬನ್ನಿ. ಆಮೇಲೆ ಆ ಪುಸ್ತಕದ ಬಗ್ಗೆ ಒಂದು ಸಾಲು ಬೇಕು. ಓದಿದ ಪುಟದ ಮೂಲೆಯನ್ನು ಯಾರಾದರೂ ಮಡಿಸಿದ್ದರೇ, ಬೆನ್ನಿನ ಅಂಟು ಬಿಟ್ಟಿತ್ತೇ, ಅವರ ಕೈಬರಹ ಎಲ್ಲಾದರೂ ಇತ್ತೇ ಎಂಬುದು ನಿಮಗೆ ಮಾತ್ರ ಗೊತ್ತು. ಅದನ್ನು ಕಲ್ಪಿಸಬೇಡಿ, ನೆನಪಿಸಿಕೊಳ್ಳಿ. ಮೂರನೆಯ ಸಾಲಿಗೆ 'ಇಟ್ಟುಬಿಡಿ ಅಲ್ಲೇ' ಬರಲಿ. ಅದಾದ ಮೇಲೆ ಏನು ಬರುತ್ತದೋ ನೋಡಿ. ಏನೂ ಬರದಿದ್ದರೆ ಮೂರು ಸಾಲಿನ ಕವಿತೆಯಾದರೂ ಸರಿಯೇ. ಉಳಿದ ಕವಿತೆಗಳಲ್ಲಿಯೂ ಇಂಥ ಒಂದೊಂದು ಸಾಲು ಅಡಗಿರುವ ಸಾಧ್ಯತೆ ಇದೆ, ಎಸೆಯಬೇಡಿ.

ಪ್ರಶ್ನೆ: ಒಬ್ಬರು ನನ್ನನ್ನು ಪ್ರೀತಿಸುತ್ತೇನೆಂದಾಗ ನಾನು ವಿನಯದಿಂದಲೇ ಇಲ್ಲವೆಂದೆ. ಅವರು ಬರೆದ ಕವಿತೆಗಳನ್ನು ಓದಿದವರ ಕಣ್ಣಿಗೆ ನಾನು ಕಟುಕಿಯಾದೆ. ಒಲ್ಲೆನೆಂದವರ ಪರವಾಗಿ ಮಾತನಾಡುವ ಕವಿತೆ ಒಂದೂ ಇಲ್ಲವೇ?

ಉತ್ತರ: ಈ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ನಾನು ಎತ್ತಬೇಕಿತ್ತು. ಒಲ್ಲೆನೆಂದವರ ಹೃದಯ ಕಲ್ಲೆಂಬುದು ಲೋಕದ ಪ್ರೇಮಕಾವ್ಯದಲ್ಲಿ ಎಷ್ಟು ಸವೆದ ಮಾತೆಂದರೆ, ಅದು ಒಬ್ಬ ಜೀವಂತ ವ್ಯಕ್ತಿಯ ಮೇಲೆ ಹೊರಿಸಿದ ಆರೋಪವೆಂಬುದೇ ಬರೆಯುವವರಿಗೆ ಮರೆತುಹೋಗುತ್ತದೆ.

ನಿಮ್ಮ ಕಡೆಯ ಕವಿತೆಗಳು ಕಡಿಮೆ, ಆದರೆ ಇವೆ. ಫ್ರಾನ್ಸಿನ ಆಲಾನ್ ಶಾರ್ತಿಯೇ 1424ರಲ್ಲಿ ಬರೆದ 'ಕರುಣೆಯಿಲ್ಲದ ಚೆಲುವೆ' ಎಂಬ ಅರ್ಥದ ಹೆಸರಿನ ಕವಿತೆಯಲ್ಲಿ ಪ್ರೇಮಿ ಅಂಗಲಾಚುತ್ತಾನೆ, ಆಕೆ ಪ್ರತಿಯೊಂದು ಮಾತಿಗೂ ಉತ್ತರ ಕೊಡುತ್ತಾಳೆ. ನಿನ್ನ ನೋಟವೇ ನನ್ನನ್ನು ಕೊಂದಿತು ಎಂಬ ಮಾತಿಗೆ, ಕಣ್ಣುಗಳಿರುವುದೇ ನೋಡುವುದಕ್ಕೆ ಎನ್ನುತ್ತಾಳೆ. ನಾನು ಸ್ವತಂತ್ರಳು, ಸ್ವತಂತ್ರಳಾಗಿಯೇ ಇರಬಯಸುತ್ತೇನೆ ಎನ್ನುತ್ತಾಳೆ. ಹೆಸರಿನಲ್ಲಿ ಅವಳನ್ನು ನಿಂದಿಸಿದ ಕವಿತೆ ಒಳಗೆ ಅವಳಿಗೇ ಬಲವಾದ ಮಾತುಗಳನ್ನು ಕೊಟ್ಟಿತು. ಆ ಕಾಲದ ಆಸ್ಥಾನಗಳಲ್ಲಿ ಇದು ದೊಡ್ಡ ವಾದವಿವಾದವನ್ನೇ ಎಬ್ಬಿಸಿತು. ಇನ್ನು 1862ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಕ್ರಿಸ್ಟಿನಾ ರೊಸೆಟ್ಟಿಯ ಸಂಕಲನದಲ್ಲಿ, ಜಾನ್ ಎಂಬವನಿಗೆ ನಯವಾಗಿ ಬೇಡವೆನ್ನುವ ಹೆಣ್ಣಿನ ಕವಿತೆಯೊಂದಿದೆ. ಪ್ರೀತಿಸುತ್ತೇನೆಂದು ನಾನು ಎಂದೂ ಹೇಳಲಿಲ್ಲವಲ್ಲ ಎಂದು ಅದು ಆರಂಭವಾಗುತ್ತದೆ. ನನಗೆ ಹೃದಯವಿಲ್ಲವೆನ್ನುತ್ತೀಯಾ, ಇರಲಿಕ್ಕಿಲ್ಲ, ಇಲ್ಲದ್ದನ್ನು ಕೊಡಲಿಲ್ಲವೆಂದು ಮುನಿಯುವುದು ನ್ಯಾಯವೇ ಎಂದು ಅವಳು ಕೇಳುತ್ತಾಳೆ. ಸ್ನೇಹಕ್ಕೆ ಕೈ ಚಾಚುತ್ತಾಳೆ, ಪ್ರೀತಿಗೆ ಮಾತ್ರ ಇಲ್ಲವೆನ್ನುತ್ತಾಳೆ.

ತಿರಸ್ಕೃತರಾದವರೇ ನ್ಯಾಯವಾಗಿ ಬರೆದದ್ದೂ ಉಂಟು. ಐರ್ಲೆಂಡಿನ ಯೇಟ್ಸ್ ಮಾಡ್ ಗಾನ್ ಅವರನ್ನು 1889ರಲ್ಲಿ ಮೊದಲು ಕಂಡವರು. ಮದುವೆಯ ಮಾತನ್ನು ಮತ್ತೆ ಮತ್ತೆ ಎತ್ತಿದರು, ಪ್ರತಿಸಲವೂ ಆಕೆ ನಿರಾಕರಿಸಿದರು, 1903ರಲ್ಲಿ ಬೇರೊಬ್ಬರನ್ನು ಮದುವೆಯಾದರು. ಆ ಬಳಿಕ ಯೇಟ್ಸ್ ಬರೆದ ಹನ್ನೆರಡು ಸಾಲಿನ ಕವಿತೆಯೊಂದು ನಾಲ್ಕು ಪ್ರಶ್ನೆಗಳಿಂದಲೇ ಕಟ್ಟಿದ್ದು. ನನ್ನ ದಿನಗಳನ್ನು ದುಃಖದಿಂದ ತುಂಬಿದಳೆಂದು ಅವಳನ್ನೇಕೆ ದೂರಲಿ ಎಂಬುದು ಮೊದಲನೆಯದು. ಅವಳು ಅವಳಾಗಿರುವಾಗ ಇನ್ನೇನು ತಾನೇ ಮಾಡಬಲ್ಲವಳಾಗಿದ್ದಳು ಎಂಬುದು ಮೂರನೆಯದು. ನೋವು ಕಡಿಮೆಯಾದ ಗುರುತು ಆ ಕವಿತೆಯಲ್ಲಿಲ್ಲ, ಆದರೆ ನೋವಿನ ನಡುವೆಯೇ ಎದುರಿನವರು ಪೂರ್ಣ ವ್ಯಕ್ತಿಯಾಗಿ ಎದ್ದು ನಿಂತಿದ್ದಾರೆ. ಭರ್ತೃಹರಿಯ ಶ್ಲೋಕದ ಮೂರನೆಯ ಪಾದವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ದೂರುವವನಿಗಾಗಿಯೇ ಇನ್ನೊಬ್ಬಳು ಕೊರಗುತ್ತಿದ್ದಾಳೆ. ಒಂದೆಡೆ ತಿರಸ್ಕೃತನಾದವನು ಇನ್ನೊಂದೆಡೆ ತಾನೇ ಒಲ್ಲೆನೆಂದವನು, ಮತ್ತು ಆಕೆಯ ದೃಷ್ಟಿಯಲ್ಲಿ ಕಲ್ಲುಹೃದಯ ಯಾರದು?

'ಮೋಸ', 'ವಂಚನೆ', 'ದ್ರೋಹ' ಎಂಬ ಪದಗಳಿಗೆ ಅರ್ಥ ಬರಬೇಕಾದರೆ ಮೊದಲು ಒಂದು ಮಾತು ಕೊಟ್ಟಿರಬೇಕು. ಕೊಡದ ಮಾತನ್ನು ತಪ್ಪುವುದು ಸಾಧ್ಯವಿಲ್ಲ. ನಮ್ಮ ಭಾಷೆ ಇದನ್ನು ಬಲ್ಲದು: 'ಒಲ್ಲೆ' ಎಂಬ ಮಾತು ಹುಟ್ಟಿರುವುದು 'ಒಲವು' ಹುಟ್ಟಿದ ಧಾತುವಿನಿಂದಲೇ. ಒಲ್ಲೆ ಎಂದರೆ ಒಲಿಯೆನು ಎಂದಷ್ಟೇ, ಅದರೊಳಗೆ ಹಗೆಯಿಲ್ಲ. ನೀವು ಹೇಳಿದ್ದು ಆ ಮಾತನ್ನು. ನಿಮ್ಮ ಮೇಲೆ ಬರೆದ ಕವಿತೆಗಳಿಗೆ ನೀವು ಉತ್ತರ ಕೊಡಬೇಕಾಗಿಲ್ಲ. ಆದರೆ ಬರೆಯುವ ಮನಸ್ಸಾದರೆ ಖಂಡಿತ ಬರೆಯಿರಿ, ಆ ಕಡೆಯಿಂದ ಬಂದ ಕವಿತೆಗಳು ಕನ್ನಡದಲ್ಲಿ ಇನ್ನೂ ಬಹಳ ಬೇಕಾಗಿವೆ.

ಪ್ರಶ್ನೆ: ಇಟಲಿಯ ಕವಿ ಪೆಟ್ರಾರ್ಕ್ ತನ್ನ ಪ್ರೇಮಕವಿತೆಗಳಲ್ಲಿ ಹಾಡಿದ ಲಾರಾ ನಿಜವಾಗಿ ಇದ್ದವಳೇ? ಕವಿಯ ಬದುಕು ತಿಳಿಯದೆ ಇಂಥ ಕವಿತೆಗಳನ್ನು ಓದಬಹುದೇ?

ಉತ್ತರ: ಧಾರಾಳವಾಗಿ ಓದಬಹುದು. ಲಾರಾಳನ್ನು 1327ರ ಏಪ್ರಿಲ್ 6ರಂದು ಆವಿನ್ಯೋನ್ ನಗರದ ಸಂತ ಕ್ಲಾರಾ ಚರ್ಚಿನಲ್ಲಿ ಮೊದಲು ಕಂಡೆನೆಂದೂ, 1348ರ ಅದೇ ತಿಂಗಳ ಅದೇ ದಿನ ಆಕೆ ತೀರಿಕೊಂಡಳೆಂದೂ ಪೆಟ್ರಾರ್ಕ್ ತನ್ನ ಬಳಿಯಿದ್ದ ವರ್ಜಿಲ್‌ನ ಹಸ್ತಪ್ರತಿಯಲ್ಲಿ ಬರೆದಿಟ್ಟಿದ್ದಾನೆ. ಆಕೆ ಯಾರೆಂಬುದರ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಅವನ ಸಂಕಲನದ 366 ಕವಿತೆಗಳಲ್ಲಿ ಆಕೆಯ ಸಾವಿನ ನಂತರದವೂ ಬಹಳ ಇವೆ. ಬದುಕಿದ್ದಾಗ ದೊರಕದವಳು ಸತ್ತ ಮೇಲೆ ಕನಸಿನಲ್ಲಿ ಬಂದು ಮೃದುವಾಗಿ ಮಾತನಾಡುವ ಕವಿತೆಗಳನ್ನು ಓದುವಾಗ, ಅವಳ ಮನೆತನದ ಹೆಸರು ತಿಳಿದಿದ್ದರೆ ನನ್ನ ಓದಿಗೆ ಏನು ಸೇರುತ್ತಿತ್ತೆಂದು ಯೋಚಿಸಿದ್ದೇನೆ. ಏನೂ ಸೇರುತ್ತಿರಲಿಲ್ಲ.

ಪ್ರಶ್ನೆ: ಇಂಥ ಕವಿತೆಯನ್ನು ಮುಗಿಸುವುದೇ ನನಗೆ ಕಷ್ಟ. ಸಾವನ್ನು ತಂದರೆ ನಾಟಕೀಯವಾಗುತ್ತದೆ, 'ಎಲ್ಲಿದ್ದರೂ ಸುಖವಾಗಿರು' ಎಂದರೆ ಸಪ್ಪೆಯಾಗುತ್ತದೆ. ಏನು ಮಾಡಲಿ?

ಉತ್ತರ: ಎರಡೂ ಬೇಡ. ಹಾರೈಕೆಯ ಸಾಲು ನಿಜವಾಗಿದ್ದರೆ ಸಪ್ಪೆಯಾಗುವುದಿಲ್ಲ, ಆದರೆ ಬಹುಪಾಲು ಅದು ನಿಜವಾಗುವುದಕ್ಕೆ ಮೊದಲೇ ಬರೆಯಲ್ಪಡುತ್ತದೆ. ಸ್ಯಾಫೋಳ ಆ ಕವಿತೆ 'ಆದರೂ ಎಲ್ಲವನ್ನೂ ಸಹಿಸಬೇಕು, ಏಕೆಂದರೆ' ಎಂಬಲ್ಲಿಗೆ ತುಂಡಾಗುವುದನ್ನು ಕಂಡು ಎಷ್ಟೋ ಮಂದಿ ಅರ್ಧ ವಾಕ್ಯಕ್ಕೆ ನಿಲ್ಲಿಸುವುದನ್ನು ಕಲೆಯೆಂದುಕೊಂಡಿದ್ದಾರೆ. ಅದು ಅವಳ ಕಲೆಯಲ್ಲ. ಲಾಂಜೈನಸ್ ಎಂಬ ಹೆಸರಿನಲ್ಲಿ ಬಂದ ಕಾವ್ಯಮೀಮಾಂಸೆಯ ಗ್ರಂಥದಲ್ಲಿ ಉದಾಹರಣೆಯಾಗಿ ಕೊಟ್ಟಷ್ಟು ಭಾಗ ನಮಗೆ ಉಳಿಯಿತು, ಮುಂದಿನದು ಕಳೆದುಹೋಯಿತು. ಆ ನಷ್ಟವನ್ನು ಅನುಕರಿಸಬೇಡಿ. ಕ್ಯಾಟಲಸ್ 'ನರಳುತ್ತಿದ್ದೇನೆ' ಎಂಬ ಕ್ರಿಯಾಪದಕ್ಕೆ ನಿಲ್ಲಿಸಿದ, ಭರ್ತೃಹರಿ 'ನನಗೂ' ಎಂಬ ಮಾತಿಗೆ ನಿಲ್ಲಿಸಿದ. ಇಬ್ಬರೂ ಕಾರಣ ಹೇಳಲು ಹೋಗಲಿಲ್ಲ. ನೀವು ಕಳಿಸಿರುವ ಮೂರು ಕವಿತೆಗಳಲ್ಲಿಯೂ ಕೊನೆಯ ಎರಡು ಸಾಲುಗಳು ಅದಕ್ಕೆ ಮೊದಲೇ ಹೇಳಿದ್ದನ್ನು ವಿವರಿಸುತ್ತವೆ. ಅವನ್ನು ಹೊಡೆದುಹಾಕಿ, ಹಿಂದಿನ ಸಾಲನ್ನೇ ಕೊನೆಯಾಗಿ ಇಟ್ಟು, ಒಂದು ವಾರ ಮುಚ್ಚಿಟ್ಟು ಮತ್ತೆ ಗಟ್ಟಿಯಾಗಿ ಓದಿ ನೋಡಿ.